ಸಂಗಾತಿ ವಾರಗಟ್ಟಲೆ ಆಸ್ಪತ್ರೆಯಲ್ಲಿರಬೇಕಾದಾಗ: ಜೊತೆಗಿರುವವರಿಗೆ ಒಂದು ಮಾರ್ಗದರ್ಶಿ

ಎರಡು ಮೂರು ದಿನದ ಆಸ್ಪತ್ರೆ ವಾಸವನ್ನು ಹೇಗೋ ದಾಟಿಬಿಡುತ್ತೇವೆ. ನಿದ್ದೆ ಬಿಟ್ಟು, ಊಟ ಮರೆತು, ಮನೆ ಆಫೀಸು ಎಲ್ಲ ಬದಿಗಿಟ್ಟು ನಿಂತುಬಿಡುತ್ತೇವೆ. ಆದರೆ "ಇನ್ನೂ ಕೆಲವು ವಾರ ಇಲ್ಲೇ ಇರಬೇಕಾಗುತ್ತೆ" ಅಂತ ಡಾಕ್ಟರ್ ಹೇಳಿದರೆ ಆ ಲೆಕ್ಕ ನಡೆಯುವುದಿಲ್ಲ. ದೊಡ್ಡ ಆಪರೇಷನ್, ಪಾರ್ಶ್ವವಾಯು, ಅಪಘಾತ, ಕ್ಯಾನ್ಸರ್ ಚಿಕಿತ್ಸೆ, ಜಗ್ಗದ ಸೋಂಕು, ಕಾರಣ ಏನೇ ಇರಲಿ. ಮೊದಲ ದಿನದ ವೇಗದಲ್ಲೇ ಓಡುವ ಗಂಡನೋ ಹೆಂಡತಿಯೋ ಕೆಲವೇ ವಾರಗಳಲ್ಲಿ ತಾವೇ ಹಾಸಿಗೆ ಹಿಡಿಯುತ್ತಾರೆ.

ನಾನು ಒತ್ತಿ ಹೇಳಬೇಕೆಂದಿರುವುದು ಒಂದು ಮಾತು. ಆಸ್ಪತ್ರೆಯಲ್ಲಿ ಕಾಯಿಲೆ ಗೊತ್ತಿರುವವರು ಬಹಳ ಜನ ಇದ್ದಾರೆ. ಆದರೆ ಈ ಮನುಷ್ಯ ಮಾಮೂಲಿಯಾಗಿ ಹೇಗೆ ಮಾತಾಡುತ್ತಾರೆ, ನೋವಾದರೆ ಹೇಳುವವರೋ ಮುಚ್ಚಿಡುವವರೋ, ಭಯವಾದಾಗ ಸುಮ್ಮನಾಗುತ್ತಾರೋ ಸಿಡುಕುತ್ತಾರೋ, ಇದು ಗೊತ್ತಿರುವುದು ನಿಮಗೆ. ಆ ತಿಳಿವಳಿಕೆ ಬೇರೆ ಯಾರ ಹತ್ತಿರವೂ ಇಲ್ಲ. ನಿಮ್ಮ ಶಕ್ತಿಯನ್ನು ಅದಕ್ಕೆ ಉಳಿಸಿಕೊಳ್ಳಿ. ಬೇರೆಯವರು ಮಾಡಬಹುದಾದ ಕೆಲಸವನ್ನೆಲ್ಲ ಬೇರೆಯವರಿಗೆ ಕೊಟ್ಟುಬಿಡಿ.

1. ಮೊದಲು ಅಲ್ಲಿನ ಲಯ ತಿಳಿದುಕೊಳ್ಳಿ

ಪ್ರತಿ ವಾರ್ಡಿಗೂ ಒಂದು ದಿನಚರಿ ಇರುತ್ತದೆ. ರೌಂಡ್ಸ್ ಎಷ್ಟು ಹೊತ್ತಿಗೆ, ನರ್ಸ್‌ಗಳ ಶಿಫ್ಟ್ ಯಾವಾಗ ಬದಲಾಗುತ್ತದೆ, ರಾತ್ರಿ ಡ್ಯೂಟಿ ಡಾಕ್ಟರ್ ಯಾರು, ಜೊತೆಗಾರರು ಯಾವ ಹೊತ್ತಿನಲ್ಲಿ ಇರಬಹುದು, ಇಷ್ಟನ್ನು ಮೊದಲ ದಿನವೇ ಕೇಳಿಕೊಳ್ಳಿ. ಶಿಫ್ಟ್ ಬದಲಾಗುವ ಅರ್ಧ ಗಂಟೆಯಲ್ಲಿ ತುರ್ತಲ್ಲದ ಪ್ರಶ್ನೆ ಕೇಳಬೇಡಿ. ಆಗ ಒಬ್ಬ ನರ್ಸ್ ಇನ್ನೊಬ್ಬರಿಗೆ ರೋಗಿಗಳ ವಿವರ ಒಪ್ಪಿಸುತ್ತಿರುತ್ತಾರೆ. ಆ ಮಾತು ತುಂಡಾದರೆ ಏನೋ ಒಂದು ವಿಷಯ ಬಿಟ್ಟುಹೋಗಬಹುದು.

ಚಿಕಿತ್ಸೆಯ ಪೂರ್ತಿ ಹೊಣೆ ಯಾವ ಡಾಕ್ಟರದ್ದು ಅನ್ನುವುದು ಸ್ಪಷ್ಟವಾಗಿರಲಿ. ದೀರ್ಘ ಚಿಕಿತ್ಸೆಯಲ್ಲಿ ಹೃದಯಕ್ಕೊಬ್ಬರು, ಕಿಡ್ನಿಗೊಬ್ಬರು, ಗಾಯಕ್ಕೊಬ್ಬರು ಬಂದು ಹೋಗುತ್ತಾರೆ. ಒಬ್ಬರು ಹೇಳಿದ್ದಕ್ಕೂ ಇನ್ನೊಬ್ಬರು ಹೇಳಿದ್ದಕ್ಕೂ ತಾಳೆಯಾಗದಿದ್ದರೆ ಗಾಬರಿಯಾಗುತ್ತದೆ. "ಇದನ್ನೆಲ್ಲ ಒಟ್ಟಿಗೆ ನೋಡಿ ತೀರ್ಮಾನ ಮಾಡುವವರು ಯಾರು?" ಅಂತ ನೇರವಾಗಿ ಕೇಳಿ.

ಆಮೇಲೆ ಒಂದು ಹಾಳೆಯಲ್ಲಿ ನಿಮ್ಮವರ ಬಗ್ಗೆ ಬರೆದು ನರ್ಸ್ ಕೈಗೆ ಕೊಡಿ. ಮನೆಯಲ್ಲಿ ತೆಗೆದುಕೊಳ್ಳುತ್ತಿದ್ದ ಮಾತ್ರೆಗಳು ಮತ್ತು ಅವುಗಳ ಪ್ರಮಾಣ, ಅಂಗಡಿಯಿಂದ ತಾವಾಗಿಯೇ ತಂದು ನುಂಗುತ್ತಿದ್ದವೂ ಸೇರಿ. ಯಾವ ಔಷಧಿಗೆ ಅಲರ್ಜಿ, ಹಿಂದೆ ಆದ ಆಪರೇಷನ್‌ಗಳು. ಕನ್ನಡಕ, ಕಿವಿಯ ಮೆಷಿನ್, ಕಟ್ಟಿಸಿದ ಹಲ್ಲು ಇದ್ದರೆ ಅದು. ಇವುಗಳ ಕೆಳಗೆ ಇನ್ನೆರಡು ಸಾಲು ಸೇರಿಸಿ: ಮಾಮೂಲಿಯಾಗಿ ಎಷ್ಟು ಚುರುಕು, ನೆನಪಿನ ಶಕ್ತಿ ಹೇಗೆ, ಎಷ್ಟು ದೂರ ನಡೆಯುತ್ತಿದ್ದರು, ಏನಂತ ಕರೆದರೆ ಇಷ್ಟ. "ಎಡಗಿವಿ ಸರಿಯಾಗಿ ಕೇಳಿಸಲ್ಲ, ಬಲಗಡೆ ನಿಂತು ಮಾತಾಡಿ" ಅನ್ನುವ ಒಂದೇ ಸಾಲು ಎಷ್ಟೋ ಗೊಂದಲವನ್ನು ತಪ್ಪಿಸುತ್ತದೆ.

2. ಒಂದು ನೋಟ್‌ಬುಕ್ ಇಡಿ

ಫೋನಿನಲ್ಲಿ ಬರೆದುಕೊಳ್ಳುವವರು ಹಾಗೇ ಮಾಡಿ. ಆದರೆ ಕಾಗದದ ಪುಸ್ತಕವನ್ನು ಮಂಚದ ಪಕ್ಕ ಇಟ್ಟರೆ ಮಧ್ಯಾಹ್ನ ಬಂದು ಕೂತವರೂ ಅದರಲ್ಲಿ ಬರೆಯಬಹುದು. ಹಾಗಾಗಿ ನನಗೆ ಅದೇ ಮೇಲು ಅನಿಸುತ್ತದೆ.

ದಿನಕ್ಕೊಂದು ಪುಟ ಸಾಕು. ಯಾವ ಡಾಕ್ಟರ್ ಬಂದರು, ಏನು ಹೇಳಿದರು, ಯಾವ ಔಷಧಿ ಹೊಸದಾಗಿ ಶುರುವಾಯಿತು, ಯಾವುದು ನಿಂತಿತು, ಯಾವ ಪರೀಕ್ಷೆ ಆಯಿತು, ಯಾವುದರ ರಿಪೋರ್ಟ್ ಬರಬೇಕು. ಊಟ ಎಷ್ಟು ಸೇರಿತು, ನಿದ್ದೆ ಹೇಗಾಯಿತು, ಮಲ ವಿಸರ್ಜನೆ ಆಯಿತೋ ಇಲ್ಲವೋ ಅನ್ನುವುದೂ ಇರಲಿ. ಮಲಗಿದ್ದಲ್ಲೇ ಇರುವವರಿಗೆ, ಅದರಲ್ಲೂ ಜೋರು ನೋವಿನ ಔಷಧಿ ನಡೆಯುತ್ತಿರುವವರಿಗೆ, ಮಲಬದ್ಧತೆ ಬಹಳ ಕಾಡುತ್ತದೆ. ನಾಚಿಕೆಯಿಂದ ಅವರು ಅದನ್ನು ಹೇಳುವುದಿಲ್ಲ.

ಎರಡನೇ ವಾರ ಕಳೆಯುವ ಹೊತ್ತಿಗೆ ದಿನಗಳು ಒಂದರೊಳಗೊಂದು ಕಲೆತುಹೋಗಿರುತ್ತವೆ. ಜ್ವರ ಬಂದದ್ದು ಹೊಸ ಔಷಧಿಗೆ ಮೊದಲೋ ಆಮೇಲೋ ಅಂತ ಡಾಕ್ಟರ್ ಕೇಳಿದಾಗ ಉತ್ತರ ಆ ಪುಟದಲ್ಲಿರುತ್ತದೆ.

3. ರೌಂಡ್ಸ್‌ನ ಐದು ನಿಮಿಷ

ಡಾಕ್ಟರ್ ನಿಮ್ಮ ಮಂಚದ ಹತ್ತಿರ ನಿಲ್ಲುವುದು ಸ್ವಲ್ಪ ಹೊತ್ತು. ಆ ಹೊತ್ತಿಗೆ ಪ್ರಶ್ನೆಗಳು ಬರೆದು ಸಿದ್ಧವಾಗಿರಲಿ, ಮುಖ್ಯವಾದದ್ದು ಮೊದಲು ಬರಲಿ. "ಯಾವಾಗ ಮನೆಗೆ ಕಳಿಸ್ತೀರಿ?" ಅನ್ನುವ ಪ್ರಶ್ನೆಗೆ ಬರುವ ಉತ್ತರ ಸಾಮಾನ್ಯವಾಗಿ "ನೋಡೋಣ" ಅಷ್ಟೇ. ಅದರ ಬದಲು ಹೀಗೆ ಕೇಳಿ: ಮನೆಗೆ ಹೋಗಬೇಕಾದರೆ ಏನೇನು ಸರಿಹೋಗಿರಬೇಕು? ಇವತ್ತು ನೀವು ಮುಖ್ಯವಾಗಿ ಗಮನಿಸುತ್ತಿರುವುದು ಏನನ್ನು? ಏನು ಕಂಡರೆ ನಾನು ತಕ್ಷಣ ನರ್ಸನ್ನು ಕರೆಯಬೇಕು?

ಉತ್ತರ ಕೇಳಿದ ಮೇಲೆ ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ. "ಅಂದರೆ ಆಕ್ಸಿಜನ್ ಇಲ್ಲದೆ ಎರಡು ದಿನ ಇದ್ದರೆ ವಾರ್ಡಿಗೆ ಬದಲಾಯಿಸ್ತೀರಿ, ಅಲ್ವಾ?" ತಪ್ಪು ತಿಳಿದುಕೊಂಡಿದ್ದರೆ ಅವರು ಅಲ್ಲೇ ತಿದ್ದುತ್ತಾರೆ. ಗೊತ್ತಿಲ್ಲದ ಶಬ್ದ ಬಂದರೆ ತಲೆಯಾಡಿಸಬೇಡಿ, ಬಿಡಿಸಿ ಹೇಳಲು ಕೇಳಿ.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯ ಅನಿಸುತ್ತದೆ. ರೋಗಿ ಎಚ್ಚರವಾಗಿ ಮಲಗಿರುವಾಗಲೇ ಅವರ ತಲೆಯ ಮೇಲಿಂದ ಜೊತೆಗಾರರ ಹತ್ತಿರ ಮಾತಾಡುವುದು ಎಲ್ಲ ಕಡೆ ನಡೆಯುತ್ತದೆ. "ಅವರಿಗೇ ಹೇಳಿ ಡಾಕ್ಟ್ರೇ, ನಾನೂ ಕೇಳಿಸಿಕೊಳ್ತೀನಿ" ಅಂತ ಹೇಳಿ. ಕಾಯಿಲೆ ಅವರದು, ದೇಹ ಅವರದು. ನಿಮ್ಮವರ ಮುಂದೆ ಹೇಳಲಾಗದ್ದು ಏನೋ ಇದೆ ಅನಿಸಿದರೂ ಹೊರಗೆ ಹೋಗಿ ಗುಟ್ಟಾಗಿ ಕೇಳಬೇಡಿ. ಎಷ್ಟು ತಿಳಿದುಕೊಳ್ಳಲು ಇಷ್ಟ ಅಂತ ಮೊದಲು ಅವರನ್ನೇ ಕೇಳಿ.

4. ದಿನಾ ಕಣ್ಣಿಡಬೇಕಾದವು

ಇಲ್ಲಿ ನಿಧಾನವಾಗಿ ಓದಿ. ದೀರ್ಘ ಆಸ್ಪತ್ರೆ ವಾಸದಲ್ಲಿ ಮೂಲ ಕಾಯಿಲೆಯಷ್ಟೇ, ಮಲಗಿರುವುದರಿಂದ ಬರುವ ತೊಂದರೆಗಳೂ ಹಿಂಸೆ ಕೊಡುತ್ತವೆ. ಇವುಗಳಲ್ಲಿ ಹೆಚ್ಚಿನವನ್ನು ಬೇಗ ಗುರುತಿಸಿದರೆ ತಡೆಯಬಹುದು.

ಮನಸ್ಸು ಮಂಕಾಗುವುದು. ನಿನ್ನೆ ಚೆನ್ನಾಗಿ ಮಾತಾಡುತ್ತಿದ್ದವರು ಇವತ್ತು ಎಲ್ಲಿದ್ದೇನೆ ಅಂತ ತಿಳಿಯದೆ ಒದ್ದಾಡಬಹುದು. ಇಲ್ಲದವರನ್ನು ಕಂಡಂತೆ ಮಾತಾಡಬಹುದು, ಡ್ರಿಪ್ ಕಿತ್ತುಹಾಕಲು ನೋಡಬಹುದು. ಇದನ್ನು ಡೆಲಿರಿಯಂ ಅನ್ನುತ್ತಾರೆ. ವಯಸ್ಸಾದವರಲ್ಲಿ, ಐಸಿಯುನಲ್ಲಿ ಇರುವವರಲ್ಲಿ ಇದು ಬಹಳ ಸಾಮಾನ್ಯ. ಬೆಳಿಗ್ಗೆ ಸರಿಯಿದ್ದು ಸಂಜೆಯಾದಂತೆ ಜಾಸ್ತಿಯಾಗುವುದು ಇದರ ಸ್ವಭಾವ. ನೋಡುವವರಿಗೆ ಎದೆ ಒಡೆದಂತಾಗುತ್ತದೆ. "ಹುಚ್ಚು ಹಿಡಿಯಿತೇ, ಮರೆವಿನ ಕಾಯಿಲೆ ಶುರುವಾಯಿತೇ" ಅಂತ ಹೆದರುತ್ತೇವೆ. ಇದು ಅದಲ್ಲ. ಸೋಂಕು, ನೋವು, ನೀರಿನಂಶ ಕಡಿಮೆಯಾಗುವುದು, ಮೂತ್ರ ಕಟ್ಟಿಕೊಳ್ಳುವುದು, ಮಲಬದ್ಧತೆ, ಹೊಸ ಔಷಧಿ, ನಿದ್ದೆ ಇಲ್ಲದಿರುವುದು, ಹೀಗೆ ದೇಹದಲ್ಲಿ ಏನೋ ಏರುಪೇರಾದಾಗ ಮಿದುಳು ತೋರಿಸುವ ಲಕ್ಷಣ. ಕಾರಣ ಹುಡುಕಿ ಸರಿಪಡಿಸಿದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ಅದಕ್ಕೆ ದಿನಗಳಲ್ಲ, ವಾರಗಳೇ ಬೇಕಾಗುತ್ತವೆ.

ಗಲಾಟೆ ಮಾಡುವ ಡೆಲಿರಿಯಂ ಎಲ್ಲರ ಕಣ್ಣಿಗೂ ಬೀಳುತ್ತದೆ. ಮಾತಿಲ್ಲದೆ ಮಂಪರಿನಲ್ಲಿ, ಕರೆದರೆ ತಡವಾಗಿ ಕಣ್ಣು ಬಿಡುತ್ತಾ ಸುಮ್ನೆ ಬಿದ್ದಿರುವ ಬಗೆಯೂ ಇದೆ. ಅದನ್ನು "ಪಾಪ, ಸುಸ್ತಾಗಿ ಮಲಗಿದ್ದಾರೆ" ಅಂತ ಎಲ್ಲರೂ ಬಿಟ್ಟುಬಿಡುತ್ತಾರೆ. ವಾರ್ಡಿನವರು ಇವರನ್ನು ನೋಡುತ್ತಿರುವುದೇ ಕಾಯಿಲೆ ಬಿದ್ದ ಮೇಲೆ. ಇವರು ಹೀಗೆ ಇರುವವರಲ್ಲ ಅಂತ ಹೇಳಬಲ್ಲವರು ನೀವು. "ನಿನ್ನೆ ಇದ್ದ ಹಾಗಿಲ್ಲ, ಇವತ್ತು ಏನೋ ಬದಲಾಗಿದೆ" ಅಂತ ಸ್ಪಷ್ಟವಾಗಿ ಹೇಳಿ. ಯಾವಾಗಿನಿಂದ ಅನ್ನುವುದನ್ನೂ ಹೇಳಿ.

ಮಂಕಾದವರ ಜೊತೆ ವಾದ ಮಾಡಬೇಡಿ. ಅವರು ಕಂಡದ್ದು ಸುಳ್ಳು ಅಂತ ಸಾಧಿಸಿ ಪ್ರಯೋಜನವಿಲ್ಲ. ಮೆಲ್ಲಗೆ, ಚಿಕ್ಕ ಚಿಕ್ಕ ಮಾತಿನಲ್ಲಿ ಹೇಳಿ: ನೀವು ಆಸ್ಪತ್ರೆಯಲ್ಲಿದ್ದೀರಿ, ನಾನು ಇಲ್ಲೇ ಇದ್ದೀನಿ, ಇವತ್ತು ಸೋಮವಾರ, ಈಗ ಬೆಳಿಗ್ಗೆ. ಕನ್ನಡಕ ಹಾಕಿಸಿ, ಕಿವಿಯ ಮೆಷಿನ್ ಹಾಕಿಸಿ. ಕಣ್ಣಿಗೆ ಬೀಳುವ ಕಡೆ ಗಡಿಯಾರ, ಕ್ಯಾಲೆಂಡರ್, ಮನೆಯವರ ಒಂದು ಫೋಟೋ ಇರಲಿ. ಹಗಲು ಪರದೆ ಸರಿಸಿ ಬೆಳಕು ಬಿಡಿ.

ರಾತ್ರಿ ನಿದ್ದೆಗೆ ಅವಕಾಶ ಮಾಡಿಕೊಡುವುದು ಇದರ ಇನ್ನೊಂದು ಅರ್ಧ. ವಾರ್ಡಿನಲ್ಲಿ ರಾತ್ರಿಯ ಸದ್ದು 30 ಡೆಸಿಬೆಲ್ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲೇ ಹೇಳಿದೆ. ಅದು ಪಿಸುಮಾತಿನಷ್ಟು ಸದ್ದು. ಮಾನಿಟರ್‌ಗಳ ಕೂಗು, ಟ್ರಾಲಿಗಳ ಓಡಾಟದ ನಡುವೆ ಅದು ಸಿಗುವುದು ಕಷ್ಟ. ಕಿವಿಗೆ ಇಯರ್‌ಪ್ಲಗ್, ಕಣ್ಣಿಗೆ ಪಟ್ಟಿ ಹಾಕಬಹುದೇ ಅಂತ ನರ್ಸನ್ನು ಕೇಳಿ. ನಡುರಾತ್ರಿಯ ರಕ್ತ ಪರೀಕ್ಷೆ, ಬಿಪಿ ನೋಡುವುದು ಇವನ್ನು ಒಂದೇ ಸಲಕ್ಕೆ ಮುಗಿಸಲು ಸಾಧ್ಯವೇ ಅಂತಲೂ ವಿನಯದಿಂದ ಕೇಳಬಹುದು.

ಕಿಟಕಿ ಪಕ್ಕದ ಹಾಸಿಗೆ ಖಾಲಿಯಾದರೆ ಕೇಳಿ ನೋಡಿ. ಪಿತ್ತಕೋಶದ ಆಪರೇಷನ್ ಆದವರ ಮೇಲೆ ರೋಜರ್ ಉಲ್ರಿಕ್ ಅನ್ನುವ ಸಂಶೋಧಕರು ಮಾಡಿದ ಒಂದು ಚಿಕ್ಕ ಅಧ್ಯಯನ 1984ರಲ್ಲಿ ಪ್ರಕಟವಾಯಿತು. ಕಿಟಕಿಯಾಚೆ ಮರಗಳು ಕಾಣುತ್ತಿದ್ದವರು, ಬರೀ ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು. ಜೋರು ನೋವಿನ ಔಷಧಿಯೂ ಅವರಿಗೆ ಕಡಿಮೆ ಬೇಕಾಗಿತ್ತು.

ಸ್ನಾಯುಗಳು ಕರಗುವುದು. ಇದರ ವೇಗ ಬಹಳ ಜನಕ್ಕೆ ಗೊತ್ತಿಲ್ಲ. ಐಸಿಯುನಲ್ಲಿದ್ದವರ ತೊಡೆಯ ಸ್ನಾಯುವನ್ನು ಅಳೆದ ಒಂದು ಅಧ್ಯಯನ 2013ರಲ್ಲಿ ಬಂದಿತ್ತು. 10 ದಿನಗಳಲ್ಲಿ ಸ್ನಾಯುವಿನ ಗಾತ್ರ ಸರಾಸರಿ 17ರಿಂದ 18 ಶೇಕಡಾ ಇಳಿದಿತ್ತು. ಮನೆಗೆ ಬಂದ ಮೇಲೆ ಎದ್ದು ನಿಲ್ಲಲೂ ಕಾಲು ನಡುಗುವುದಕ್ಕೆ ಇದೂ ಒಂದು ಕಾರಣ. "ಇವರು ಇವತ್ತು ಏನು ಚಲನೆ ಮಾಡಬಹುದು?" ಅಂತ ಫಿಸಿಯೋಥೆರಪಿಸ್ಟನ್ನು ದಿನಾ ಕೇಳಿ. ಹಾಸಿಗೆಯಲ್ಲೇ ಪಾದ ಮೇಲೆ ಕೆಳಗೆ ಆಡಿಸುವುದಿರಬಹುದು, ಕಾಲು ಇಳಿಬಿಟ್ಟು ಕೂರುವುದಿರಬಹುದು, ಕುರ್ಚಿಯಲ್ಲಿ ಊಟ ಮಾಡುವುದಿರಬಹುದು. ಅವರು ಹೇಳಿಕೊಟ್ಟದ್ದನ್ನು ಉಳಿದ ಹೊತ್ತಿನಲ್ಲಿ ಮಾಡಿಸುವುದು ನಿಮ್ಮಿಂದಾಗುವ ದೊಡ್ಡ ಸಹಾಯ. ಪ್ರೀತಿಯಿಂದ ಎಲ್ಲವನ್ನೂ ನೀವೇ ಮಾಡಿಕೊಡಬೇಡಿ. ಅವರಿಗೆ ಲೋಟ ಹಿಡಿಯಲು ಆಗುತ್ತದೆ ಅಂದರೆ ಹಿಡಿಯಲಿ, ಎಷ್ಟು ನಿಧಾನವಾದರೂ ಸರಿ.

ಆದರೆ ಎಬ್ಬಿಸಿ ನಡೆಸುವ ಸಾಹಸವನ್ನು ಒಬ್ಬರೇ ಮಾಡಬೇಡಿ. ದಿನಗಟ್ಟಲೆ ಮಲಗಿದ್ದವರು ಎದ್ದಾಗ ರಕ್ತದೊತ್ತಡ ಕುಸಿದು ಕಣ್ಣು ಕತ್ತಲೆ ಬರುತ್ತದೆ. ಇಬ್ಬರೂ ಬಿದ್ದರೆ ಕಷ್ಟ ಎರಡಾಗುತ್ತದೆ. ಶೌಚಾಲಯಕ್ಕೆ ಹೋಗುವಾಗ ಗಂಟೆ ಒತ್ತಿ ಕಾಯಿರಿ.

ಹಾಸಿಗೆ ಹುಣ್ಣು. ಸೊಂಟದ ಕೆಳಗಿನ ಮೂಳೆ, ಹಿಮ್ಮಡಿ, ಸೊಂಟದ ಪಕ್ಕ, ಭುಜದ ಹಿಂಭಾಗ, ಮೊಣಕೈ, ತಲೆಯ ಹಿಂಭಾಗ, ಈ ಜಾಗಗಳನ್ನು ದಿನಾ ನೋಡಿ. ಚರ್ಮ ಕೆಂಪಾಗಿದ್ದು ಬೆರಳಿನಿಂದ ಒತ್ತಿದಾಗ ಬಿಳಿಚಿಕೊಳ್ಳದಿದ್ದರೆ ಹುಣ್ಣು ಶುರುವಾಗುತ್ತಿದೆ ಅಂತ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದೇ ಹೋಗಬಹುದು. ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿದೆಯೇ, ಬಿಸಿಯಿದೆಯೇ, ಗಟ್ಟಿಯಾಗಿದೆಯೇ ಅಂತ ಮುಟ್ಟಿ ನೋಡಿ. ಆ ಜಾಗವನ್ನು ತಿಕ್ಕಿ ಮಸಾಜ್ ಮಾಡಬೇಡಿ, ಕೆಳಗಿನ ಅಂಗಾಂಶಕ್ಕೆ ಇನ್ನಷ್ಟು ಪೆಟ್ಟಾಗುತ್ತದೆ. ತಾವಾಗಿ ಮಗ್ಗುಲು ಬದಲಿಸಲು ಆಗದವರನ್ನು ಸಾಮಾನ್ಯವಾಗಿ 2 ಗಂಟೆಗೊಮ್ಮೆ ಹೊರಳಿಸುತ್ತಾರೆ. ನಿಮ್ಮವರಿಗೆ ಎಷ್ಟು ಹೊತ್ತಿಗೊಮ್ಮೆ ಅಂತ ಕೇಳಿಕೊಳ್ಳಿ. ಎಳೆಯುವುದು ಬೇಡ, ಕೆಳಗೆ ಹಾಸಿದ ಬಟ್ಟೆಯ ಸಹಾಯದಿಂದ ಇಬ್ಬರು ಸೇರಿ ಎತ್ತಿ ಸರಿಸಬೇಕು.

ಕಾಲು, ಉಸಿರು. ಒಂದೇ ಕಾಲು ಊದಿಕೊಂಡು ಮೀನಖಂಡ ನೋಯುತ್ತಿದ್ದರೆ, ಬೆಚ್ಚಗಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ತಕ್ಷಣ ಹೇಳಿ. ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆ ನೋವು ಬಂದರೆ ಒಂದು ಕ್ಷಣವೂ ಕಾಯಬೇಡಿ.

ಟ್ಯೂಬುಗಳು. ಡ್ರಿಪ್ ಸೂಜಿಯ ಸುತ್ತ ಕೆಂಪು, ಊತ, ನೋವು ಇದೆಯೇ ನೋಡಿ. ಮೂತ್ರದ ಚೀಲ ಯಾವಾಗಲೂ ಹೊಟ್ಟೆಗಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು. ಟ್ಯೂಬು ಎಷ್ಟು ದಿನ ಒಳಗಿರುತ್ತದೋ ಸೋಂಕಿನ ಅಪಾಯ ಅಷ್ಟು ಜಾಸ್ತಿ. "ಇದು ಇನ್ನೂ ಬೇಕಾ?" ಅಂತ ಆಗಾಗ ಕೇಳುವುದು ಒಳ್ಳೆಯ ಪ್ರಶ್ನೆ.

ಊಟ, ನೀರು. ಕೇಳದೆ ಒಂದು ಗುಟುಕು ನೀರನ್ನೂ ಕೊಡಬೇಡಿ. ಪಾರ್ಶ್ವವಾಯುವಿನ ನಂತರ, ಗಂಟಲಲ್ಲಿ ಟ್ಯೂಬು ಇದ್ದು ತೆಗೆದ ನಂತರ ನುಂಗುವ ಶಕ್ತಿ ಕೆಟ್ಟಿರಬಹುದು. ನೀರು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ತಿನ್ನಬಹುದು ಅಂದ ಮೇಲೂ ಬೆನ್ನು ನೆಟ್ಟಗೆ ಕೂರಿಸಿ, ಪೂರ್ತಿ ಎಚ್ಚರವಿದ್ದಾಗ ಮಾತ್ರ ತಿನ್ನಿಸಿ. ಮುಗಿದ ಮೇಲೆ ಅರ್ಧ ಗಂಟೆಯಾದರೂ ಮಲಗಿಸಬೇಡಿ.

ಕೈ. ಒಳಗೆ ಬಂದಾಗ, ಮುಟ್ಟುವ ಮೊದಲು, ಹೊರಗೆ ಹೋಗುವಾಗ ಕೈ ಶುಚಿ ಮಾಡಿಕೊಳ್ಳಿ. ಸ್ಯಾನಿಟೈಜರ್ ಆದರೆ 20ರಿಂದ 30 ಸೆಕೆಂಡು ಉಜ್ಜಬೇಕು, ಸೋಪಿನಲ್ಲಿ ತೊಳೆದು ಒರೆಸಿಕೊಳ್ಳುವುದಕ್ಕೆ 40ರಿಂದ 60 ಸೆಕೆಂಡು ಬೇಕು. ರೋಗಿಗೆ ಭೇದಿ ಇದ್ದರೆ ಸೋಪು ನೀರೇ ಆಗಬೇಕು, ಯಾಕೆಂದರೆ ಕೆಲವು ರೋಗಾಣುಗಳು ಸ್ಯಾನಿಟೈಜರ್‌ಗೆ ಸಾಯುವುದಿಲ್ಲ. ನೋಡಲು ಬಂದವರಿಗೂ ಇದನ್ನು ಹೇಳಲು ಸಂಕೋಚ ಬೇಡ.

5. ಏನೋ ಸರಿಯಿಲ್ಲ ಅನಿಸಿದಾಗ

ನಂಬರುಗಳೆಲ್ಲ ಚೆನ್ನಾಗಿವೆ ಅಂತ ಹೇಳುತ್ತಿರುತ್ತಾರೆ. ಆದರೂ ನಿಮಗೆ ಸಮಾಧಾನವಿಲ್ಲ. ಆ ಅನಿಸಿಕೆಯನ್ನು ನುಂಗಿಕೊಳ್ಳಬೇಡಿ. ಮೊದಲು ನರ್ಸ್‌ಗೆ ಹೇಳಿ, ಆಮೇಲೆ ನರ್ಸ್ ಇನ್‌ಚಾರ್ಜ್‌ಗೆ, ಆಮೇಲೆ ಡ್ಯೂಟಿ ಡಾಕ್ಟರಿಗೆ. ದನಿ ಏರಿಸುವ ಬದಲು ವಿವರ ಕೊಡಿ. "ಸರಿಯಾಗಿ ನೋಡ್ತಾ ಇಲ್ಲ" ಅನ್ನುವುದಕ್ಕಿಂತ "ಮಧ್ಯಾಹ್ನದಿಂದ ಉಸಿರು ಜೋರಾಗಿದೆ, ಮಾತಿಗೆ ಉತ್ತರ ಕೊಡ್ತಾ ಇಲ್ಲ, ಮೂತ್ರ ಕಡಿಮೆಯಾಗಿದೆ, ನನಗೆ ಭಯವಾಗ್ತಿದೆ, ದಯವಿಟ್ಟು ಈಗ ಬಂದು ನೋಡಿ" ಅನ್ನುವುದಕ್ಕೆ ತೂಕ ಜಾಸ್ತಿ.

ಮನೆಯವರ ಆತಂಕವನ್ನು ವೈದ್ಯಕೀಯ ಲೋಕ ಈಗ ಗಂಭೀರವಾಗಿ ತೆಗೆದುಕೊಳ್ಳಲು ಶುರುಮಾಡಿದೆ. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ 2024ರಿಂದ ಮಾರ್ಥಾ ನಿಯಮ ಅನ್ನುವ ವ್ಯವಸ್ಥೆ ಜಾರಿಗೆ ಬರುತ್ತಿದೆ. 2021ರಲ್ಲಿ ತೀರಿಕೊಂಡ 13 ವರ್ಷದ ಮಾರ್ಥಾ ಮಿಲ್ಸ್ ಅನ್ನುವ ಹುಡುಗಿಯ ತಂದೆ ತಾಯಿಯ ಹೋರಾಟದಿಂದ ಬಂದ ನಿಯಮ ಅದು. ರೋಗಿಯ ಸ್ಥಿತಿ ಹದಗೆಡುತ್ತಿದೆ ಅನಿಸಿದರೆ ಮನೆಯವರೇ ಬೇರೊಂದು ತುರ್ತು ತಂಡವನ್ನು ಕರೆಸಬಹುದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲೂ ಇಂಥದೇ ನಿಯಮವಿದೆ. ನೀವಿರುವ ಆಸ್ಪತ್ರೆಯಲ್ಲಿ ಇಂಥ ದಾರಿ ಇದೆಯೇ ಅಂತ ಮೊದಲೇ ಕೇಳಿ ಇಟ್ಟುಕೊಳ್ಳಿ.

6. ನರ್ಸ್ ಆಗಬೇಡಿ, ಗಂಡ ಹೆಂಡತಿಯಾಗಿಯೇ ಇರಿ

ಇಷ್ಟೆಲ್ಲ ಗಮನಿಸುವುದರಲ್ಲಿ ಒಂದು ಅಪಾಯವಿದೆ. ಮಂಚದ ಹತ್ತಿರ ಬಂದ ಕೂಡಲೇ ಕಣ್ಣು ಮಾನಿಟರ್ ಕಡೆ ಹೋಗುತ್ತದೆ. ಮಾತೆಲ್ಲ "ಮಾತ್ರೆ ಆಯ್ತಾ, ಮೋಷನ್ ಆಯ್ತಾ, ಊಟ ಯಾಕೆ ಬಿಟ್ಟೆ" ಅಷ್ಟಕ್ಕೇ ನಿಂತುಬಿಡುತ್ತದೆ. ಅವರಿಗೆ ದಿನವಿಡೀ ಅದನ್ನೇ ಕೇಳುವವರು ಇದ್ದಾರೆ. ದಿನದಲ್ಲಿ ಒಂದಿಷ್ಟು ಹೊತ್ತು ಕಾಯಿಲೆಯ ಮಾತಿಲ್ಲದ ಸಮಯ ಇರಲಿ. ಕೈ ಹಿಡಿದುಕೊಂಡು ಕೂರಿ. ಮನೆಯ ಸಣ್ಣ ಪುಟ್ಟ ಸುದ್ದಿ ಹೇಳಿ. ಒಂದೇ ಇಯರ್‌ಫೋನನ್ನು ಇಬ್ಬರೂ ಹಂಚಿಕೊಂಡು ಅವರಿಗಿಷ್ಟವಾದ ಹಾಡು ಕೇಳಿ. ಪರದೆ ಎಳೆದು ಸ್ವಲ್ಪ ಹೊತ್ತು ಇಬ್ಬರೇ ಇರಲು ಬಿಡಿ ಅಂತ ನರ್ಸ್‌ಗೆ ಕೇಳಿದರೆ ತಪ್ಪಿಲ್ಲ.

ಮನೆಯ ತೀರ್ಮಾನಗಳಿಂದ ಅವರನ್ನು ಹೊರಗಿಡಬೇಡಿ. ಕಷ್ಟ ಕೊಡಬಾರದು ಅಂತ ಎಲ್ಲವನ್ನೂ ನಾವೇ ನಿರ್ಧರಿಸುತ್ತೇವೆ. ಆದರೆ ಏನು ಉಡಬೇಕು, ಯಾವಾಗ ಏಳಬೇಕು ಅನ್ನುವುದೂ ಕೈಯಲ್ಲಿಲ್ಲದ ಮನುಷ್ಯನಿಗೆ, ಮಗುವಿನ ಸ್ಕೂಲಿನ ವಿಷಯಕ್ಕೋ ಮನೆ ರಿಪೇರಿಗೋ "ನಿನಗೇನನಿಸುತ್ತೆ?" ಅಂತ ಕೇಳುವುದೇ ಒಂದು ಮರ್ಯಾದೆ.

ಅವರು ನಿಮ್ಮ ಮೇಲೆ ರೇಗುತ್ತಾರೆ. ಡಾಕ್ಟರ್ ಬಂದಾಗ ನಕ್ಕು ಮಾತಾಡಿದವರು, ಅವರು ಹೋದ ಕೂಡಲೇ ನಿಮ್ಮ ಮೇಲೆ ಹರಿಹಾಯುತ್ತಾರೆ. ಹೆದರಿಕೆ, ನೋವು, ಅವಮಾನ ಎಲ್ಲವೂ ನಂಬಿಕೆಯಿರುವ ಕಡೆಯೇ ಹೊರಬರುತ್ತದೆ. ಅದು ಗೊತ್ತಿದ್ದರೂ ನೋವಾಗುತ್ತದೆ. "ನೀನು ಸುಸ್ತಾಗಿದ್ದೀಯ, ಗೊತ್ತು. ಆದರೆ ಈ ಮಾತು ನನಗೆ ನೋವಾಯ್ತು. ಸ್ವಲ್ಪ ಓಡಾಡಿ ಬರ್ತೀನಿ, ವಾಪಸ್ ಬರ್ತೀನಿ" ಅಂತ ಹೇಳಿ ಹೊರಗೆ ಹೋಗಿ. ವಾಪಸ್ ಬರುತ್ತೇನೆ ಅನ್ನುವ ಮಾತನ್ನು ಮಾತ್ರ ಬಿಡಬೇಡಿ.

ಅವರು ಐಸಿಯುನಲ್ಲಿ ನಿದ್ದೆಯ ಔಷಧಿಯಲ್ಲಿ ಇದ್ದರೂ ಮಾತಾಡಿಸಿ. ಹೆಸರು ಹಿಡಿದು ಕರೆಯಿರಿ, ನೀವು ಯಾರು ಅಂತ ಹೇಳಿ, ಮುಟ್ಟುವ ಮೊದಲು ಮುಟ್ಟುತ್ತೇನೆ ಅಂತ ಹೇಳಿ. ಕೇಳಿಸುತ್ತಿರಬಹುದು ಅಂತಲೇ ಎಲ್ಲರೂ ನಡೆದುಕೊಳ್ಳಬೇಕು. ಮಂಚದ ಪಕ್ಕ ನಿಂತು ಖರ್ಚಿನ ಮಾತು, ಕೆಟ್ಟ ಸುದ್ದಿಯ ಮಾತು ಬೇಡ.

ಐಸಿಯು ದಿನಗಳ ಡೈರಿಯನ್ನೂ ಬರೆಯಿರಿ. ಸ್ಕ್ಯಾಂಡಿನೇವಿಯಾದ ದೇಶಗಳ ಐಸಿಯುಗಳಲ್ಲಿ ನರ್ಸ್‌ಗಳು ಮತ್ತು ಮನೆಯವರು ಸೇರಿ ಇಂಥ ಡೈರಿ ಬರೆಯುವುದು ರೂಢಿಯಾಗಿ, ಆಮೇಲೆ ಬೇರೆ ಕಡೆಗೂ ಹರಡಿತು. ಇದು ಔಷಧಿ ಲೆಕ್ಕದ ನೋಟ್‌ಬುಕ್ ಅಲ್ಲ, ಅವರಿಗೇ ಬರೆದ ಮಾತು. "ಇವತ್ತು ನೀನು ಮೊದಲ ಸಲ ಕಣ್ಣು ಬಿಟ್ಟೆ. ಮಗಳು ಬಂದಿದ್ದಳು." ಎಚ್ಚರವಾದ ಮೇಲೆ ಹಲವರಿಗೆ ಆ ದಿನಗಳ ನೆನಪೇ ಇರುವುದಿಲ್ಲ, ಅಥವಾ ಭಯಂಕರ ಕನಸುಗಳೇ ನಿಜದಂತೆ ನೆನಪಿರುತ್ತವೆ. ನಡೆದದ್ದು ಏನು ಅಂತ ಓದಿ ತಿಳಿದುಕೊಳ್ಳಲು ಈ ಪುಟಗಳು ಸಹಾಯ ಮಾಡುತ್ತವೆ. ಯಾವಾಗ ಓದಬೇಕು ಅನ್ನುವುದು ಅವರಿಗೆ ಬಿಟ್ಟದ್ದು.

7. ಫೋನು, ನೆಂಟರು, ಮಕ್ಕಳು

ಒಂದೇ ವಿಷಯವನ್ನು ಇಪ್ಪತ್ತು ಜನರಿಗೆ ಫೋನಿನಲ್ಲಿ ಹೇಳುವಷ್ಟರಲ್ಲಿ ನಿಮ್ಮ ಸಂಜೆ ಮುಗಿದಿರುತ್ತದೆ. ಮನೆಯಲ್ಲಿ ಒಬ್ಬರನ್ನು ಇದಕ್ಕೆ ನೇಮಿಸಿ. ದಿನಕ್ಕೊಂದು ಮೆಸೇಜ್, ಅದೂ ನಿಮ್ಮವರು ಒಪ್ಪಿದಷ್ಟೇ ವಿವರ. ಫೋಟೋ ಕಳಿಸಬೇಡಿ. ಟ್ಯೂಬು ಹಾಕಿಸಿಕೊಂಡು ಮಲಗಿದ ಚಿತ್ರ ಫೋನಿನಿಂದ ಫೋನಿಗೆ ಹೋಗುವುದು ಯಾರಿಗೂ ಇಷ್ಟವಿರುವುದಿಲ್ಲ.

"ಏನಾದರೂ ಬೇಕಿದ್ದರೆ ಹೇಳಿ" ಅಂದವರಿಗೆ ಅಲ್ಲೇ ಒಂದು ಕೆಲಸ ಕೊಡಿ. ಬುಧವಾರ ರಾತ್ರಿ ಇಲ್ಲಿ ಮಲಗಿ. ಮಗುವನ್ನು ಸ್ಕೂಲಿನಿಂದ ಕರೆತನ್ನಿ. ಬಟ್ಟೆ ಒಗೆದು ತನ್ನಿ. ವಿಮೆಯ ಕಾಗದ, ಬಿಲ್ಲು, ರಜೆಯ ಅರ್ಜಿ ಇವನ್ನು ಲೆಕ್ಕದಲ್ಲಿ ಚುರುಕಾದ ಒಬ್ಬರಿಗೆ ವಹಿಸಿ, ಎಲ್ಲದರ ಪ್ರತಿ ಒಂದು ಫೈಲಿನಲ್ಲಿರಲಿ. ಜನ ನಿಜವಾಗಿಯೂ ಸಹಾಯ ಮಾಡಲು ಬಯಸುತ್ತಾರೆ. ಏನು ಮಾಡಬೇಕು ಅಂತ ಗೊತ್ತಾಗದೆ ಸುಮ್ಮನಿರುತ್ತಾರೆ ಅಷ್ಟೇ.

ನೋಡಲು ಬರುವವರ ಬಗ್ಗೆ ಕಟ್ಟುನಿಟ್ಟಾಗಿರಿ. ನೆಗಡಿ ಕೆಮ್ಮು ಇದ್ದವರು ಬರಬಾರದು. ನಿಮ್ಮವರಿಗೆ ಸುಸ್ತಾದಾಗ ಮಾಡುವ ಒಂದು ಸನ್ನೆಯನ್ನು ಇಬ್ಬರೂ ಮೊದಲೇ ಗೊತ್ತು ಮಾಡಿಕೊಳ್ಳಿ. ಸನ್ನೆ ಕಂಡ ಕೂಡಲೇ "ಇವರಿಗೆ ವಿಶ್ರಾಂತಿ ಬೇಕು" ಅಂತ ಬಂದವರನ್ನು ನೀವೇ ಕಳಿಸಿಕೊಡಿ.

ಮಕ್ಕಳಿಗೆ ನಿಜ ಹೇಳಿ, ಅವರ ವಯಸ್ಸಿಗೆ ತಕ್ಕಷ್ಟು. "ಅಪ್ಪ ಊರಿಗೆ ಹೋಗಿದ್ದಾರೆ" ಅನ್ನುವ ಸುಳ್ಳು ವಾರಗಟ್ಟಲೆ ನಿಲ್ಲುವುದಿಲ್ಲ. ಕಾಯಿಲೆಯ ಹೆಸರು ಹೇಳಿ. ಇದು ನಿನ್ನ ತಪ್ಪಿನಿಂದ ಆದದ್ದಲ್ಲ ಅಂತ ಹೇಳಿ, ಚಿಕ್ಕ ಮಕ್ಕಳು ಹಾಗಂದುಕೊಳ್ಳುತ್ತಾರೆ. ನಿನ್ನನ್ನು ನೋಡಿಕೊಳ್ಳುವವರು ಇಂಥವರು ಅಂತ ಹೇಳಿ. ಆಸ್ಪತ್ರೆಗೆ ಕರೆತರುವ ಮೊದಲು ಅಲ್ಲಿ ಏನು ಕಾಣುತ್ತದೆ ಅಂತ ವಿವರಿಸಿ. ಬೇಡ ಅಂದರೆ ಒತ್ತಾಯ ಬೇಡ, ಒಂದು ಚಿತ್ರ ಬರೆದು ಕಳಿಸಲಿ.

8. ನಿಮ್ಮ ದೇಹವೂ ದೇಹವೇ

ಪ್ರತಿ ರಾತ್ರಿ ಆಸ್ಪತ್ರೆಯ ಕುರ್ಚಿಯಲ್ಲಿ ಕಳೆಯುವುದು ಪ್ರೀತಿಯ ಅಳತೆಯಲ್ಲ. ಅವರ ಸ್ಥಿತಿ ಸ್ಥಿರವಾಗಿದ್ದ ದಿನ ಮನೆಗೆ ಹೋಗಿ ಮಲಗಿ. ನಿಮ್ಮ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪಿಸಬೇಡಿ, ಅವು ಬ್ಯಾಗಿನಲ್ಲೇ ಇರಲಿ. ನಿದ್ದೆಗೆಟ್ಟು ಗಾಡಿ ಓಡಿಸಬೇಡಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ದಿನಕ್ಕೊಮ್ಮೆ ಕಟ್ಟಡದ ಹೊರಗೆ ಬಂದು ಬಿಸಿಲು ಗಾಳಿಗೆ ಮೈಯೊಡ್ಡಿ ನಡೆಯಿರಿ.

ಹೊರಗೆ ಹೋದಾಗ ತಪ್ಪಿತಸ್ಥ ಭಾವನೆ ಕಾಡುತ್ತದೆ. ಅದು ಪೂರ್ತಿ ಹೋಗುವುದಿಲ್ಲ. ಅದನ್ನಿಟ್ಟುಕೊಂಡೇ ಮಲಗಿ. ನಿದ್ದೆ ಮಾಡಿ ಬಂದ ಕಣ್ಣಿಗೆ ಮಾತ್ರ "ಇವತ್ತು ಏನೋ ಬದಲಾಗಿದೆ" ಅನ್ನುವುದು ಕಾಣುತ್ತದೆ.

ಅಳು ನಿಲ್ಲುತ್ತಿಲ್ಲ, ಏನೂ ಬೇಡ ಅನಿಸುತ್ತಿದೆ, ನಿದ್ದೆಗೆ ಅವಕಾಶ ಸಿಕ್ಕರೂ ನಿದ್ದೆ ಬರುತ್ತಿಲ್ಲ, ಬದುಕೇ ಸಾಕು ಅನಿಸುತ್ತಿದೆ ಅಂದರೆ ಅದೇ ಆಸ್ಪತ್ರೆಯಲ್ಲಿ ಯಾರಿಗಾದರೂ ಹೇಳಿ. ಆಪ್ತ ಸಮಾಲೋಚಕರು, ಸಮಾಜ ಕಾರ್ಯಕರ್ತರು ಹಲವು ಆಸ್ಪತ್ರೆಗಳಲ್ಲಿ ಇರುತ್ತಾರೆ, ಅವರಿರುವುದು ಮನೆಯವರಿಗೂ ಕೂಡ.

9. ಕಷ್ಟದ ಮಾತನ್ನು ಮುಂಚೆಯೇ ಆಡಿ

ಅವರು ಎಚ್ಚರವಾಗಿ, ಸ್ಪಷ್ಟವಾಗಿ ಇರುವಾಗ ಕೇಳಿಕೊಳ್ಳಬೇಕಾದ ಕೆಲವು ಮಾತುಗಳಿವೆ. ನಿನಗೆ ತೀರ್ಮಾನ ಹೇಳಲು ಆಗದೇ ಹೋದರೆ ಯಾರು ಹೇಳಬೇಕು? ವೆಂಟಿಲೇಟರ್ ಬಗ್ಗೆ ನಿನಗೇನನಿಸುತ್ತದೆ? ಎಂಥ ಬದುಕು ನಿನಗೆ ಬದುಕು ಅನಿಸುತ್ತದೆ? ಇದನ್ನು ಕೇಳಿದರೆ ಕೆಟ್ಟದ್ದನ್ನು ಕರೆದಂತೆ ಅಂತ ಹಲವರು ಹಿಂಜರಿಯುತ್ತಾರೆ. ಕೇಳದೇ ಇದ್ದವರು ಆ ಗಳಿಗೆಯಲ್ಲಿ ಊಹೆಯ ಮೇಲೆ ಸಹಿ ಹಾಕಬೇಕಾಗುತ್ತದೆ, ಆಮೇಲೆ ವರ್ಷಗಟ್ಟಲೆ ಕೊರಗಬೇಕಾಗುತ್ತದೆ. ಒಂದೇ ಸಲಕ್ಕೆ ಮುಗಿಸಬೇಕಿಲ್ಲ. ಸ್ವಲ್ಪ ಸ್ವಲ್ಪವೇ ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಡಿ.

ಪ್ಯಾಲಿಯೇಟಿವ್ ಕೇರ್ ಅಂದರೆ ಕೈಬಿಟ್ಟರು ಅಂತ ತಿಳಿಯಬೇಡಿ. ನೋವು, ಉಬ್ಬಸ, ವಾಂತಿ, ಆತಂಕ ಇವನ್ನು ಕಡಿಮೆ ಮಾಡುವ ತಂಡ ಅದು. ಮೂಲ ಚಿಕಿತ್ಸೆ ನಡೆಯುತ್ತಿರುವಾಗಲೇ ಅವರ ಸಹಾಯ ಪಡೆಯಬಹುದು.

10. ಮನೆಗೆ ಹೊರಡುವ ಮೊದಲು

ಡಿಸ್ಚಾರ್ಜ್ ತಯಾರಿ ಕೊನೆಯ ದಿನದ ಕೆಲಸವಲ್ಲ. ಒಂದು ವಾರ ಮೊದಲೇ ಶುರುಮಾಡಿ. ಗಾಯದ ಡ್ರೆಸ್ಸಿಂಗ್, ಇಂಜೆಕ್ಷನ್, ಟ್ಯೂಬಿನಿಂದ ಆಹಾರ ಕೊಡುವುದು, ಮಂಚದಿಂದ ಕುರ್ಚಿಗೆ ಕೂರಿಸುವುದು, ಮನೆಯಲ್ಲಿ ನೀವು ಮಾಡಬೇಕಾದದ್ದನ್ನೆಲ್ಲ ನರ್ಸ್ ನೋಡುತ್ತಿರುವಾಗಲೇ ನಿಮ್ಮ ಕೈಯಿಂದ ಮಾಡಿ ಅಭ್ಯಾಸ ಮಾಡಿಕೊಳ್ಳಿ. ನೋಡಿ ಕಲಿತದ್ದು ಮನೆಯಲ್ಲಿ ನೆನಪಾಗುವುದಿಲ್ಲ. ಒಬ್ಬರಿಂದ ಆಗದ ಕೆಲಸವಿದ್ದರೆ ಆಗುವುದಿಲ್ಲ ಅಂತ ಆಗಲೇ ಹೇಳಿಬಿಡಿ.

ಔಷಧಿ ಪಟ್ಟಿಯನ್ನು ಹಳೆಯ ಪಟ್ಟಿಯ ಪಕ್ಕ ಇಟ್ಟು ಒಂದೊಂದೇ ಸಾಲು ನೋಡಿ. ಯಾವುದು ಹೊಸದು, ಯಾವುದು ನಿಂತಿತು, ಯಾವುದರ ಪ್ರಮಾಣ ಬದಲಾಯಿತು, ಎಷ್ಟು ದಿನ. ನಿಂತ ಮಾತ್ರೆ ಮನೆಯ ಡಬ್ಬಿಯಲ್ಲಿ ಉಳಿದಿದ್ದು, ಹೊಸದರ ಜೊತೆ ಅದನ್ನೂ ನುಂಗುವುದು ಸುಲಭವಾಗಿ ಆಗಿಬಿಡುವ ತಪ್ಪು. ಇನ್ನೂ ಬರಬೇಕಾದ ರಿಪೋರ್ಟ್ ಯಾವುದು, ಅದನ್ನು ಯಾರು ನೋಡಿ ಹೇಳುತ್ತಾರೆ ಅಂತ ಕೇಳಿ. ಯಾವ ಲಕ್ಷಣ ಕಂಡರೆ ತಿರುಗಿ ಬರಬೇಕು, ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು ಅನ್ನುವುದನ್ನು ಬರೆಸಿಕೊಳ್ಳಿ.

ಮನೆಗೆ ಬಂದ ಮೇಲೆ ಎಲ್ಲ ಮೊದಲಿನಂತಾಗುತ್ತದೆ ಅಂತ ಕಾಯಬೇಡಿ. ಐಸಿಯುನಿಂದ ಬಂದವರಲ್ಲಿ ತಿಂಗಳುಗಟ್ಟಲೆ ಸುಸ್ತು, ಮರೆವು, ಗಮನ ನಿಲ್ಲದಿರುವುದು, ಕೆಟ್ಟ ಕನಸು, ಖಿನ್ನತೆ ಕಾಣಿಸಬಹುದು. ಇದಕ್ಕೆ ಪೋಸ್ಟ್ ಇಂಟೆನ್ಸಿವ್ ಕೇರ್ ಸಿಂಡ್ರೋಮ್ ಅನ್ನುತ್ತಾರೆ. ಜೊತೆಗಿದ್ದ ಮನೆಯವರಿಗೂ ಆತಂಕ, ಖಿನ್ನತೆ ಬರಬಹುದು ಅಂತ ವೈದ್ಯರು ಒಪ್ಪುತ್ತಾರೆ. ಆಸ್ಪತ್ರೆಯಲ್ಲಿ ಗಟ್ಟಿಯಾಗಿ ನಿಂತಿದ್ದವರು ಮನೆಗೆ ಬಂದ ಮೇಲೆ ಕುಸಿಯುವುದು ಇದರಿಂದಲೇ. ಮೊದಲ ತಪಾಸಣೆಗೆ ಹೋದಾಗ ಗಾಯ, ರಿಪೋರ್ಟ್ ಮುಗಿದ ಮೇಲೆ ನಿದ್ದೆ, ನೆನಪು, ಮನಸ್ಸಿನ ವಿಷಯವನ್ನೂ ಎತ್ತಿ. ಅವರದು ಹೇಳಿದ ಮೇಲೆ ನಿಮ್ಮದನ್ನೂ ಹೇಳಿ.